ಎಲ್ಲರ ತೊಟ್ಟಿಲು

ನಾನು ಹುಟ್ಟಿ ಬೆಳೆದ ಊರಿನಲ್ಲಿ, ಇಂಥ ಒಬ್ಬರದು ಎಂದು ಇಲ್ಲದ ವಸ್ತು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೆಲ್ಲಗೆ ಮೇಲಕ್ಕೇಳುತ್ತಿತ್ತು. ಪುರಸಭೆಯವರು ಒಮ್ಮೆ ಬಸ್ ನಿಲ್ದಾಣದಲ್ಲಿ ಸಾರ್ವಜನಿಕರಿಗೆಂದು ಸಿಮೆಂಟಿನ ಬೆಂಚು ಹಾಕಿಸಿದರು. ಬೆಳಗಾಗುವುದರೊಳಗೆ ಅದು ಟಾಕೀಸಿನ ಸೂರಿಗೆ ಹೋಗಿ ತಗುಲಿಕೊಂಡಿತ್ತು. ಎದುರಿಗೆ ಹೂ ಮಾರುತ್ತಿದ್ದ ಹೆಂಗಸು ಅದು ತನ್ನದೆಂದು ಒಪ್ಪಿಕೊಂಡ ಮೇಲೆ ಕೆಳಗಿಳಿದು ಬಂತು. ಆಮೇಲೆ ಅದರ ಮೇಲೆ ಯಾರಾದರೂ ಕಾಲು ಚಾಚಿದರೆ ಅವಳ ಬಾಯಿಗೆ ಬೀಳಬೇಕಾಗುತ್ತಿತ್ತು. ಹೊಸದಾಗಿ ಮದುವೆಯಾದವರ ಮನೆಗಳಲ್ಲಿ ಪಾತ್ರೆಪಗಡಿಗಳು ತಿಂಗಳುಗಟ್ಟಲೆ ಅಟ್ಟಕ್ಕೆ ತಾಗಿಕೊಂಡೇ ಇರುತ್ತಿದ್ದವು, ಗಂಡ ಹೆಂಡತಿ ಇಬ್ಬರೂ ‘ನಮ್ಮದು, ನಮ್ಮದು’ ಅನ್ನುತ್ತಿದ್ದರಿಂದ. ಮೊದಲ ಜಗಳವಾಗಿ, ಬಾಣಲೆ ಅವಳದು ಸೈಕಲ್ಲು ಅವನದು ಎಂದು ತೀರ್ಮಾನವಾದ ದಿನ ಎಲ್ಲವೂ ದಡಬಡ ಕೆಳಗೆ ಬೀಳುತ್ತಿದ್ದವು. ಆ ಸದ್ದು ಕೇಳಿದ ಅಕ್ಕಪಕ್ಕದವರು, ಸದ್ಯ ಸಂಸಾರ ಶುರುವಾಯಿತು ಎಂದು ನಗುತ್ತಿದ್ದರು.

ಯಾಕೆ ಹೀಗೆ ಎಂದು ನಾವು ಯಾರೂ ಕೇಳಿದವರಲ್ಲ. ಈಗ ನಾನಿರುವ ಊರಿನಲ್ಲಿ ಯಾರದ್ದೂ ಅಲ್ಲದ ವಸ್ತುಗಳು ಬಿದ್ದಲ್ಲೇ ಬಿದ್ದಿರುತ್ತವೆ. ನಮ್ಮ ಬೀದಿಯ ಕೊನೆಯಲ್ಲಿ ಒಡೆದ ನೀರಿನ ತೊಟ್ಟಿಯೊಂದು ನಾನು ಬಂದಾಗಿನಿಂದ ಅಲ್ಲೇ ಇದೆ. ಅದನ್ನು ನೋಡಿದಾಗಲೆಲ್ಲ ನನಗೆ ನನ್ನ ಊರು, ಅದರಲ್ಲೂ ನಮ್ಮ ತೊಟ್ಟಿಲು ಕಾರ್ಖಾನೆ ನೆನಪಾಗುತ್ತದೆ. ಇವತ್ತು ಬಟ್ಟೆ ನೆನೆಹಾಕಿ ಬಂದು ಕುಳಿತಿದ್ದೇನೆ. ಒಗೆಯುವುದಕ್ಕೆ ಏಳುವವರೆಗೆ ಎಷ್ಟಾಗುತ್ತದೋ ಅಷ್ಟು ಬರೆಯುತ್ತೇನೆ, ಉಳಿದದ್ದು ಆಮೇಲೆ.

ಕಾರ್ಖಾನೆ ಊರಿನ ಕೆಳಭಾಗದಲ್ಲಿತ್ತು. ನಡುವೆ ಅಂಗಳ, ಅಂಗಳದಲ್ಲಿ ಒಂದು ಬೇವಿನ ಮರ, ಸುತ್ತ ಹೆಂಚಿನ ಶೆಡ್ಡುಗಳು. ಒಂದು ಶೆಡ್ಡಿನಲ್ಲಿ ಮರದ ವಿಭಾಗ. ಅದರ ಮುಖ್ಯಸ್ಥರು ವೀರಭದ್ರಾಚಾರ್. ಅವರ ತಂದೆ ಕೂಡ ಅಲ್ಲೇ ತೊಟ್ಟಿಲು ಮಾಡಿದವರು. ಎದುರಿಗೆ ಹಗ್ಗದ ವಿಭಾಗ. ಅಲ್ಲಿ ಹೊನ್ನಕ್ಕನದೇ ಮಾತು. ಹಗ್ಗ ಹೊಸೆದು, ಬಲೆ ಹೆಣೆದು, ಮರದ ಚೌಕಟ್ಟಿಗೆ ತೂಗುಬಿಡುವ ಗಂಟನ್ನು ಅವಳಷ್ಟು ಬೇಗ ಹಾಕುವವರು ಬೇರೆ ಇರಲಿಲ್ಲ. ಗೇಟಿನ ಪಕ್ಕದ ಕೋಣೆಯಲ್ಲಿ ಮಾರಾಟ ವಿಭಾಗದ ವಿರೂಪಾಕ್ಷಪ್ಪ, ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ, ಯಾವಾಗಲೂ ಹೊರಡುವ ಅವಸರ. ಮರ ಆಚಾರರದು, ಹಗ್ಗ ಹೊನ್ನಕ್ಕನದು, ಗಿರಾಕಿ ವಿರೂಪಾಕ್ಷಪ್ಪನದು. ಅವೆಲ್ಲ ಸೇರಿ ಆದ ತೊಟ್ಟಿಲು ಮಾತ್ರ ಪುಟ್ಟಗೌರಮ್ಮನದು.

ಪುಟ್ಟಗೌರಮ್ಮ ಯಾವ ವಿಭಾಗಕ್ಕೂ ಸೇರಿದವರಲ್ಲ. ಸಿದ್ಧವಾದ ತೊಟ್ಟಿಲನ್ನು ಮುಟ್ಟಿ ‘ನಂದು’ ಅನ್ನುತ್ತಿದ್ದರು, ಅಷ್ಟೇ. ಅದು ಯಾವುದೋ ಮನೆಯ ತಾಯಿಯ ಕೈ ಸೇರುವವರೆಗೆ ಅವರದಾಗಿರುತ್ತಿತ್ತು. ನಮ್ಮ ಊರಲ್ಲಿ ವಸ್ತು ಒಬ್ಬರದಾದರೆ ಅದರ ಭಾರದ ಒಂದು ಪಾಲು ಅವರ ಹೆಗಲಿಗೆ ಬರುತ್ತಿತ್ತು. ಅಷ್ಟು ವರ್ಷ ಅಷ್ಟು ತೊಟ್ಟಿಲುಗಳನ್ನು ಹೊತ್ತು ಅವರ ಬಲ ಹೆಗಲು ಇಳಿದುಹೋಗಿತ್ತು. ಸೆರಗು ಅಲ್ಲಿ ನಿಲ್ಲುತ್ತಲೇ ಇರಲಿಲ್ಲ, ಪಿನ್ನು ಹಾಕಿಕೊಳ್ಳುತ್ತಿದ್ದರು. ನಾನು ಅವರ ಸಹಾಯಕಿ. ತೊಟ್ಟಿಲಿಗೆ ಹುಲ್ಲು ಸುತ್ತಿ ಗಾಡಿಗೆ ಸಿದ್ಧ ಮಾಡುವುದು ನನ್ನ ಕೆಲಸ. ಮಗಳು ಮೃದುಲಾ ಹುಟ್ಟಿ ಐದು ತಿಂಗಳಾಗಿತ್ತು. ಕೆಲಸದ ಹೆಂಗಸರ ಮಕ್ಕಳಿಗಾಗಿ ಬೇವಿನ ಮರದಡಿ ಒಂದು ಹಳೆಯ ತೊಟ್ಟಿಲು ಇತ್ತು. ಆಗ ಹಾಲು ಕುಡಿಯುವ ಮಗು ನನ್ನದೊಂದೇ ಆದ್ದರಿಂದ ಅವಳು ಅದರಲ್ಲಿ ಒಬ್ಬಳೇ ರಾಣಿಯಂತೆ ಮಲಗಿರುತ್ತಿದ್ದಳು.

ಪುಟ್ಟಗೌರಮ್ಮ ಕೆಲಸ ಬಿಟ್ಟು ಮಗಳ ಮನೆಗೆ ಹೋಗುವ ದಿನ ಬಂತು. ಹೊಸದಾಗಿ ಬಂದಿದ್ದ ಮ್ಯಾನೇಜರ್ ಶ್ರೀಪತಿಯವರು ಒಳ್ಳೆಯ ಮನುಷ್ಯ. ಆ ಹೆಗಲನ್ನು ನೋಡಿ ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನೇ ಕಂಡಿದ್ದೇನೆ. ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ ಹೇಳಿದರು:

‘ಇಡೀ ಕಾರ್ಖಾನೆಯನ್ನ ಒಬ್ಬ ಹೆಂಗಸಿನ ಹೆಗಲ ಮೇಲೆ ಕೂರಿಸಿದ್ವಿ. ಇದು ನಮಗೆ ಮರ್ಯಾದೆ ಅಲ್ಲ. ಇವತ್ತಿಂದ ಸಿದ್ಧವಾದ ತೊಟ್ಟಿಲು ಮೂರೂ ವಿಭಾಗದ್ದು, ನಂದೂ ಸೇರಿ. ಒಳ್ಳೇದಾದ್ರೂ ಎಲ್ಲರದು, ಕೆಟ್ಟದಾದ್ರೂ ಎಲ್ಲರದು. ಏನಂತೀರಿ?’

‘ನಮ್ಮದು’ ಎಂದು ಎಲ್ಲರೂ ಒಟ್ಟಿಗೆ ಹೇಳಿದೆವು. ಚಪ್ಪಾಳೆ ತಟ್ಟಿದೆವು. ಮೈಸೂರುಪಾಕು ಹಂಚಿದರು. ಪುಟ್ಟಗೌರಮ್ಮ ‘ಹಾಗಂತೀರಾ?’ ಎಂದಷ್ಟೇ ಹೇಳಿ ಚೀಲ ತೆಗೆದುಕೊಂಡು ಹೊರಟರು.

ಮರುದಿನ ಬೀಗ ತೆಗೆದಾಗ ಸಿದ್ಧವಾದ ತೊಟ್ಟಿಲುಗಳೆಲ್ಲ ಹೆಂಚಿಗೆ ತಾಗಿಕೊಂಡು, ಒಳಗೆ ಯಾರೋ ಮಲಗಿರುವಂತೆ ಮೆಲ್ಲಗೆ ತೂಗುತ್ತಿದ್ದವು. ನಮಗೆ ಆಶ್ಚರ್ಯವೇನೂ ಆಗಲಿಲ್ಲ, ಸ್ವಲ್ಪ ಮುಜುಗರವಾಯಿತು. ಆಚಾರರು ಕತ್ತೆತ್ತಿ ನೋಡಿ, ‘ಹೊಸದಲ್ವಾ ಸಾರ್, ಸ್ವಲ್ಪ ದಿನ ಹೋದ್ರೆ ಅಭ್ಯಾಸ ಆಗುತ್ತೆ’ ಅಂದರು.

‘ನಮಗಾ?’

‘ತೊಟ್ಟಿಲಿಗೆ.’

ಅಭ್ಯಾಸವಾದದ್ದು ನಮಗೇ. ತೊಟ್ಟಿಲುಗಳಿಗೆ ಮರಳಿನ ಚೀಲ ಕಟ್ಟಿದೆವು. ಗೋಡೆಗೆ ಕೊಕ್ಕೆ ಹೊಡೆದೆವು. ವಿರೂಪಾಕ್ಷಪ್ಪ ಸಂತೆಬೀದಿಯಲ್ಲಿ ನಾಲ್ಕಾರು ತೊಟ್ಟಿಲುಗಳನ್ನು ದಾರ ಕಟ್ಟಿ ತಲೆಯ ಮೇಲೆ ತೇಲಿಸಿಕೊಂಡು ಹೋಗುತ್ತಿದ್ದರು. ಮಕ್ಕಳು ಹಿಂದೆ ಓಡಿ, ‘ಬಲೂನು ಎಷ್ಟು ಅಂಕಲ್?’ ಎಂದು ಕೇಳುತ್ತಿದ್ದವು. ಮರಳು ಕಟ್ಟುವ ಕೆಲಸ ಯಾರದೆಂದು ಗೊತ್ತಾಗದೆ ಮರಳಿನ ಚೀಲಗಳೂ ಏಳತೊಡಗಿದಾಗ ಹೊನ್ನಕ್ಕ, ‘ಇನ್ನು ನಾವು ಏಳೋದೊಂದು ಬಾಕಿ’ ಎಂದಳು.

ಆದರೆ ನಿಜವಾದ ತೊಂದರೆ ಕಣ್ಣಿಗೆ ಬೀಳದಂಥದ್ದು. ಮೊದಲೆಲ್ಲ ಪುಟ್ಟಗೌರಮ್ಮ ಪ್ರತಿ ಗಂಟನ್ನೂ ಎಳೆದು ನೋಡುತ್ತಿದ್ದರು. ಈಗ ಹೊನ್ನಕ್ಕ, ಮರದವರು ಜೋಡಿಸುವಾಗ ನೋಡಿಕೊಳ್ಳುತ್ತಾರೆ ಅಂದುಕೊಂಡಳು. ಆಚಾರರು, ಕಳಿಸುವ ಮೊದಲು ಮಾರಾಟದವರು ನೋಡಿಯೇ ನೋಡುತ್ತಾರೆ ಅಂದುಕೊಂಡರು. ವಿರೂಪಾಕ್ಷಪ್ಪ, ಮಾಡಿದವರೇ ನೋಡಿರದೆ ಇರುತ್ತಾರೆಯೇ ಅಂದುಕೊಂಡರು. ಯಾರೂ ಮೈಗಳ್ಳರಲ್ಲ. ಒಬ್ಬೊಬ್ಬರೂ ಉಳಿದವರನ್ನು ಮನಸಾರೆ ನಂಬಿದ್ದರು. ಒಂದು ದಿನ ಸಡಿಲ ಗಂಟಿನ ತೊಟ್ಟಿಲೊಂದು ಗಿರಾಕಿಯ ಮನೆಯಿಂದ ವಾಪಸು ಬಂತು. ಸಭೆ ಸೇರಿದೆವು. ಎಲ್ಲರೂ ಸೇರಿ ಬೇಸರ ಮಾಡಿಕೊಂಡೆವು, ಎಲ್ಲರೂ ಸೇರಿ ಟೀ ಕುಡಿದೆವು, ಎದ್ದು ನಮ್ಮನಮ್ಮ ಶೆಡ್ಡುಗಳಿಗೆ ಹೋದೆವು.

ಅದೇ ಹೊತ್ತಿಗೆ ಗುಡ್ಡದ ಮೇಲೆ ಹೊಸ ಹೆರಿಗೆ ಆಸ್ಪತ್ರೆ ಶುರುವಾಗುವುದರಲ್ಲಿತ್ತು. ವಾರ್ಡಿಗೆಲ್ಲ ನಮ್ಮ ತೊಟ್ಟಿಲೇ ಬೇಕೆಂದು ಹೇಳಿಕಳಿಸಿದ್ದರು. ನೆಲದ ಮೇಲೆ ನಿಲ್ಲುವ ತೊಟ್ಟಿಲು ಮಾತ್ರ ಎಂದು ಅಲ್ಲಿನ ಡಾಕ್ಟರಮ್ಮ ಎರಡು ಸಲ ಒತ್ತಿ ಹೇಳಿದ್ದರಂತೆ.

ಬೇವಿನ ಮರದಡಿಯ ಹಳೆಯ ತೊಟ್ಟಿಲು ಮಾತ್ರ ಅಷ್ಟು ದಿನವೂ ನೆಲಬಿಟ್ಟು ಎದ್ದಿರಲಿಲ್ಲ. ಮೈಸೂರುಪಾಕು ಹಂಚಿದ ದಿನ ಅದರ ಹೆಸರು ಯಾರೂ ಎತ್ತಿರಲಿಲ್ಲವಾದ್ದರಿಂದ ಅದಿನ್ನೂ ಪುಟ್ಟಗೌರಮ್ಮನದಾಗಿಯೇ ಉಳಿದಿತ್ತು. ದೂರದಲ್ಲಿ, ಮಗಳ ಮನೆಯ ಜಗಲಿಯಲ್ಲಿ ಕುಳಿತು ಅವರೇ ಅದನ್ನು ಹೊತ್ತುಕೊಂಡಿದ್ದರು ಅನ್ನಬೇಕು. ಒಂದು ಮಧ್ಯಾಹ್ನ ಶ್ರೀಪತಿಯವರು ಅಂಗಳ ದಾಟುವಾಗ ಅಲ್ಲಿ ನಿಂತರು. ನಾನು ಮಗಳಿಗೆ ಹಾಲು ಕುಡಿಸಿ ಮಲಗಿಸುತ್ತಿದ್ದೆ.

‘ಇದು ಯಾರ ಲೆಕ್ಕದಲ್ಲಿದೆ?’

‘ಪುಟ್ಟಗೌರಮ್ಮಂದು ಸಾರ್.’

‘ಪಾಪ, ಅವರನ್ನ ಇನ್ನೂ ಬಿಟ್ಟಿಲ್ವಾ ನಾವು?’ ಎಂದು ನೊಂದುಕೊಂಡರು. ಬಗ್ಗಿ ಮೃದುಲಾಳ ಕೆನ್ನೆ ಸವರಿದರು. ‘ಅವರಿಗೆ ಇವತ್ತೇ ಹೇಳಿಕಳಿಸ್ತೀನಿ, ನಿಶ್ಚಿಂತೆಯಾಗಿರಿ ಅಂತ. ಇದೂ ನಮ್ಮೆಲ್ಲರದು ಇನ್ನು. ಅಲ್ವೇನೇ ಪುಟ್ಟಿ?’

ಹೇಳಿಕಳಿಸಿದ ಮಾತು ಪುಟ್ಟಗೌರಮ್ಮನನ್ನು ಮುಟ್ಟಿದ ಹೊತ್ತಿಗೆ ನಾನು ಒಳಗೆ ಹುಲ್ಲು ಸುತ್ತುತ್ತಿದ್ದೆ. ‘ಜಲಜಾ’ ಎಂದು ಹೊನ್ನಕ್ಕ ಕರೆದಳು. ಅವಳು ಹಾಗೆ ಮೆಲ್ಲಗೆ ಕರೆದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಹೊರಗೆ ಬಂದು ನೋಡಿದರೆ ತೊಟ್ಟಿಲು ನನ್ನ ತಲೆಗಿಂತ ಮೇಲಿತ್ತು.

ಶೆಡ್ಡಿನೊಳಗೆ ಏಳುವ ತೊಟ್ಟಿಲು ಹೆಂಚಿಗೆ ತಾಗಿ ನಿಲ್ಲುತ್ತದೆ. ಅಂಗಳಕ್ಕೆ ಹೆಂಚಿಲ್ಲ. ಬೇವಿನ ಕೊಂಬೆಗಳ ನಡುವೆ ದೊಡ್ಡದೊಂದು ಸಂದಿ ಇತ್ತು, ತೊಟ್ಟಿಲು ಅದರ ನೇರಕ್ಕೆ ಏಳುತ್ತಿತ್ತು. ನಾನು ಓಡಿ ಎಗರಿದೆ. ಚೌಕಟ್ಟಿನ ಕಾಲು ಬೆರಳಿಗೆ ತಾಗಿ ಜಾರಿತು. ಆಮೇಲೆ ಎಲ್ಲರೂ ಬಂದರು. ಬರಬೇಕಾದ್ದೇ. ಮೂರು ವಿಭಾಗದವರೂ ಕೆಲಸ ಬಿಟ್ಟು ಓಡಿ ಬಂದು ಕೈ ಚಾಚಿ ನಿಂತರು. ‘ಹೆದರಬೇಡ ಕಣಮ್ಮ, ನಮ್ಮ ಮಗು ಅದು, ನಮ್ಮ ತೊಟ್ಟಿಲು’ ಎಂದು ಒಬ್ಬರಾದ ಮೇಲೊಬ್ಬರು ಹೇಳುತ್ತಿದ್ದರು. ಒಂದೊಂದು ಸಲ ಹೇಳಿದಾಗಲೂ ಅದು ಇನ್ನಷ್ಟು ಮೇಲೆ ಹೋಗುತ್ತಿತ್ತು.

ಆಚಾರರು ಏಣಿ ತಂದು ಮರಕ್ಕೆ ಆನಿಸಿ ಹತ್ತಿದರು. ಕೈಗೆ ಎಟುಕಲಿಲ್ಲ. ತೊಟ್ಟಿಲಿನಿಂದ ತೂಗುವ ಹಗ್ಗವೊಂದು ಇಳಿಬಿದ್ದಿತ್ತು. ವಿರೂಪಾಕ್ಷಪ್ಪ ಮರದ ಕಟ್ಟೆಯ ಮೇಲಿಂದ ಹಾರಿ ಅದನ್ನು ಹಿಡಿದರು. ‘ಹಿಡಿದೆ, ಹಿಡಿದೆ, ನಮ್ಮದು ಎಲ್ಲಿಗೂ ಹೋಗಲ್ಲ’ ಅನ್ನುತ್ತಿದ್ದಂತೆ ಅವರ ಚಪ್ಪಲಿ ಎರಡೂ ನೆಲದಲ್ಲೇ ಉಳಿದವು, ಅವರು ಮೇಲೆ ಹೋದರು. ಹಗ್ಗ ಕೈಯಲ್ಲಿ ಜಾರಿ ಮರದ ಹೊಟ್ಟಿನ ರಾಶಿಯ ಮೇಲೆ ಬಿದ್ದರು. ಇನ್ನೊಂದು ದಿನವಾಗಿದ್ದರೆ ನಕ್ಕು ಸಾಯುತ್ತಿದ್ದೆವು.

‘ನಂದು’ ಎಂದೆ ನಾನು. ಆಮೇಲೆ ಕೂಗಿ ಹೇಳಿದೆ. ‘ಆ ತೊಟ್ಟಿಲು ನಂದು.’

ತೊಟ್ಟಿಲು ಒಂದು ಕ್ಷಣ ನಿಂತಿತು. ನನ್ನ ಹೆಗಲಿಗೆ ಏನೋ ಬಂದು ಕೂತಂತಾಯಿತು, ಗುಬ್ಬಿಯಷ್ಟು. ಮರುಕ್ಷಣ ಅದೂ ಹಾರಿಹೋಯಿತು. ಮಗು ನನ್ನದಾದ್ದರಿಂದ ಮಗುವಿನ ಭಾರ ಮಗುವಿಗಿತ್ತು. ಆದರೆ ಆ ಗಟ್ಟಿ ಮರದ ತೊಟ್ಟಿಲು ಅವಳನ್ನು ಹೊತ್ತು ಮತ್ತೆ ಏಳತೊಡಗಿತು. ಯಾಕೆಂದು ನನಗೆ ಹೊಳೆದದ್ದು ಆಗಲೇ. ಬೆಂಚು ಯಾರದೂ ಅಲ್ಲದ್ದು, ಒಬ್ಬಳು ತನ್ನದೆಂದಳು, ಇಳಿಯಿತು. ಇದು ಹಾಗಲ್ಲ. ಇದನ್ನು ಇಷ್ಟು ಜನ ಹಿಡಿದುಕೊಂಡಿದ್ದಾರೆ. ಅವರು ಬಿಡದೆ ನನಗೆ ಸಿಗುವುದಿಲ್ಲ.

‘ವಿರೂಪಾಕ್ಷಣ್ಣ, ಬಿಡಿ ಅದನ್ನ.’

‘ಬಿಟ್ಟೆನಲ್ಲಮ್ಮ, ಅಂಗೈ ಸುಲಿದುಹೋಗಿದೆ.’

‘ಹಗ್ಗ ಅಲ್ಲ, ತೊಟ್ಟಿಲು. ನಿಮ್ಮದಲ್ಲ ಅನ್ನಿ.’

ಅವರು ಹೊಟ್ಟಿನ ರಾಶಿಯ ಮೇಲೆ ಕುಳಿತೇ ನನ್ನನ್ನು ನೋಡಿದರು. ‘ಇಂಥ ಹೊತ್ತಲ್ಲಿ ನಂದಲ್ಲ ಅಂದ್ರೆ ನಾನೆಂಥ ಮನುಷ್ಯನಮ್ಮ?’

‘ಅಂದುಬಿಡಿ ಅಣ್ಣ. ಕೈ ಮುಗೀತೀನಿ.’

ವಿರೂಪಾಕ್ಷಪ್ಪ ಕಣ್ಣು ಮುಚ್ಚಿಕೊಂಡು, ‘ನಂದಲ್ಲ. ಮಾರಾಟದವರದ್ದಲ್ಲ. ಜಲಜಂದು’ ಎಂದರು. ತೊಟ್ಟಿಲು ಏಳುವುದನ್ನು ನಿಲ್ಲಿಸಿತು. ಆಮೇಲೆ ಒಂದು ಮಾರು ಕೆಳಗಿಳಿಯಿತು.

ಹೊನ್ನಕ್ಕ ತಲೆ ಅಲ್ಲಾಡಿಸಿದಳು. ‘ಆ ಗಂಟು ನಾನು ಹಾಕಿದ್ದು ಕಣೇ. ನಾಳೆ ಸಡಿಲಾದ್ರೆ ನಂದಲ್ಲ ಅಂತ ಕೂತ್ಕೊಳ್ಳಲಾ?’

‘ಸಡಿಲಾದ್ರೆ ನಾನೇ ನಿಮ್ಮ ಹತ್ರ ಬರ್ತೀನಿ. ಆಚಾರ್‌ನ ಕೇಳು, ಇನ್ನೊಬ್ಬರನ್ನ ಕೇಳು ಅನ್ನಬಾರದು ನೀವು. ಅಷ್ಟೇ ನಾನು ಕೇಳೋದು.’

‘ಅನ್ನಲ್ಲ. ಊಟಕ್ಕೆ ಕೂತಿದ್ರೂ ಎದ್ದು ಬಂದು ಹಾಕ್ಕೊಡ್ತೀನಿ.’ ಅವಳು ಮೂಗು ಒರೆಸಿಕೊಂಡಳು. ‘ಹೋಗ್ಲಿ, ನಂದಲ್ಲ. ಹಗ್ಗದವರದ್ದೂ ಅಲ್ಲ.’

ಇನ್ನೊಂದು ಮಾರು. ಆಚಾರರು ಏಣಿಯ ಮೇಲೆಯೇ ಇದ್ದರು. ಈಗ ತೊಟ್ಟಿಲು ಅವರ ಮುಖದ ಎತ್ತರಕ್ಕೆ ಬಂದಿತ್ತು. ಕೈ ಚಾಚಿದರೆ ಸಿಗುವಂತಿತ್ತು, ಆದರೆ ಅವರು ಮುಟ್ಟಲಿಲ್ಲ. ಅದು ಅವರ ತಂದೆ ಮಾಡಿದ ತೊಟ್ಟಿಲು. ಅಂಚಿನಲ್ಲಿ ಗಿಳಿಗಳ ಸಾಲು ಕೆತ್ತಿದ್ದು ತಂದೆಯೇ ಎಂದು ನಮಗೆ ನೂರು ಸಲ ತೋರಿಸಿದ್ದರು. ಆ ಗಿಳಿಗಳನ್ನೇ ನೋಡುತ್ತಾ, ‘ನಂದಲ್ಲ ಕಣಮ್ಮ, ಮರದವರದ್ದೂ ಅಲ್ಲ. ಕಾಲು ಅಲ್ಲಾಡಿದ್ರೆ ಹೇಳು, ಬೆಣೆ ಹೊಡೆದುಕೊಡ್ತೀನಿ’ ಎಂದು ಮರದ ಕಡೆಗೆ ತಿರುಗಿಕೊಂಡರು. ತೊಟ್ಟಿಲು ಏಣಿಯ ಪಕ್ಕದಲ್ಲೇ ಇಳಿದು ನನ್ನ ತಲೆಯ ಮೇಲೆ ನಿಂತಿತು. ಕೈಯೆತ್ತಿದರೆ ಒಂದು ಗೇಣು ದೂರ.

ಉಳಿದವರು ಶ್ರೀಪತಿಯವರು.

‘ಎಲ್ಲರೂ ಬಿಟ್ಟು ಮತ್ತೆ ಒಬ್ಬಳ ಮೇಲೆ ಹಾಕೋದಾ? ಪುಟ್ಟಗೌರಮ್ಮನ ಹೆಗಲು ನೀನೇ ನೋಡಿದೀಯಲ್ಲಮ್ಮ.’

‘ನೋಡಿದೀನಿ ಸಾರ್. ಅವರ ಮೇಲೆ ಎಲ್ಲಾ ತೊಟ್ಟಿಲೂ ಹಾಕಿದ್ವಿ. ನನಗೆ ಇದೊಂದೇ ಸಾಕು. ಇದೊಂದು ಕೊಡಿ.’

ಅವರು ನನ್ನ ಹೆಗಲನ್ನೊಮ್ಮೆ, ತೊಟ್ಟಿಲನ್ನೊಮ್ಮೆ ನೋಡಿದರು. ಕೊನೆಗೆ ಕನ್ನಡಕ ತೆಗೆದು, ‘ನಂದಲ್ಲ’ ಎಂದರು. ‘ಏನು ಬೇಕಾದ್ರೂ ಬಂದು ಕೇಳು. ಆದ್ರೆ ನಂದಲ್ಲ.’

ಭಾರ ನನ್ನ ಹೆಗಲ ಮೇಲೆ ಬಂದು ಕೂತಿತು, ಈ ಸಲ ಪೂರ್ತಿ. ತುಂಬಿದ ಕೊಡದಷ್ಟು ಇರಬಹುದು. ಆಮೇಲೆ ತೊಟ್ಟಿಲು ಇಳಿದು ನನ್ನ ಎರಡೂ ಕೈಗೆ ಬಂತು. ಮೃದುಲಾ ಎದ್ದಿದ್ದಳು. ಮುಷ್ಟಿಯಲ್ಲಿ ಬೇವಿನ ಎಲೆಗಳ ಗೊಂಚಲು ಹಿಡಿದು ಬಾಯಿಗೆ ಹಾಕಿಕೊಂಡಳು, ಕಹಿಗೆ ಮುಖ ಕಿವುಚಿ ಅಳತೊಡಗಿದಳು. ಆ ಅಳು ಕೇಳಿ ಅಂಗಳದಲ್ಲಿದ್ದವರೆಲ್ಲ ಅತ್ತರು. ವಿರೂಪಾಕ್ಷಪ್ಪ ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿಕೊಂಡೇ ಅತ್ತರು.

ಬಟ್ಟೆ ಒಗೆದು, ಹರವಿ, ಅನ್ನಕ್ಕಿಟ್ಟು ಬಂದೆ. ಇನ್ನು ಸ್ವಲ್ಪವೇ ಇದೆ.

ಮರುದಿನ ಆಸ್ಪತ್ರೆಯ ತೊಟ್ಟಿಲುಗಳನ್ನು ಶ್ರೀಪತಿಯವರು ಬೇರೆ ರೀತಿಯಲ್ಲಿ ಹಂಚಿದರು. ವಿಭಾಗಗಳಿಗಲ್ಲ, ಜನರಿಗೆ. ಒಬ್ಬರಿಗೆ ಒಂದು ತೊಟ್ಟಿಲು, ಮರದ ತುಂಡಿನಿಂದ ಹಿಡಿದು ವಾರ್ಡಿನ ನೆಲದವರೆಗೆ. ಉಳಿದವರೆಲ್ಲ ಅದನ್ನು ಬಿಡಬೇಕು, ಆದರೆ ಅವರು ಬಂದು ಕೇಳಿದ್ದನ್ನು ಕೊಡಬೇಕು. ಮೊದಲು ಗೊಣಗಾಟವಾಯಿತು. ಹಗ್ಗ ಕೆಟ್ಟರೆ ನಾನ್ಯಾಕೆ ಬೈಸಿಕೊಳ್ಳಲಿ ಎಂದು ಬಡಗಿಯೊಬ್ಬ ಕೇಳಿದ. ‘ಬೈಸಿಕೋಬೇಡ. ಹೊನ್ನಕ್ಕನ ಮುಂದೆ ಹೋಗಿ ಕೂತ್ಕೋ, ಸರಿಯಾಗೋವರೆಗೂ ಏಳಬೇಡ. ನೀನ್ಯಾರು ಕೇಳೋಕೆ ಅಂತ ಇನ್ನು ಅವಳು ಅನ್ನೋ ಹಾಗಿಲ್ಲ’ ಎಂದರು ಶ್ರೀಪತಿಯವರು. ತಾವೂ ಒಂದು ತೊಟ್ಟಿಲು ತೆಗೆದುಕೊಂಡರು. ಹಗ್ಗದ ಶೆಡ್ಡಿನಲ್ಲಿ ಸರದಿ ಕಾಯುತ್ತಾ ಕುಳಿತ ಮ್ಯಾನೇಜರನ್ನು ಹೊನ್ನಕ್ಕ, ‘ಮೂರನೇ ತೊಟ್ಟಿಲಿನವರು ಸ್ವಲ್ಪ ಕಾಲು ಮಡಚಿಕೊಳ್ಳಿ, ಹಗ್ಗ ತುಳೀತಿದೀರಿ’ ಎಂದು ಗದರಿದ್ದು ಇವತ್ತಿಗೂ ಕಿವಿಯಲ್ಲಿದೆ. ಆ ದಿನಗಳಲ್ಲಿ ಅಂಗಳ ದಾಟಿ ಒಬ್ಬರ ಶೆಡ್ಡಿಗೆ ಇನ್ನೊಬ್ಬರು ಹೋಗುತ್ತಿದ್ದುದು, ಉಳಿ ಕೊಡಿ, ದಾರ ಕೊಡಿ, ನನ್ನದನ್ನು ಒಂದು ಸಲ ನೋಡಿ ಎಂದು ಕೇಳುತ್ತಿದ್ದುದು, ಅಂಥ ಗಲಗಲ ಮತ್ತೆ ಯಾವ ಕೆಲಸದ ಜಾಗದಲ್ಲೂ ನಾನು ಕಂಡಿಲ್ಲ. ಒಂದು ತೊಟ್ಟಿಲೂ ನೆಲ ಬಿಡಲಿಲ್ಲ. ಸಂಜೆ ಮನೆಗೆ ಹೋಗುವಾಗ ಎಲ್ಲರೂ ಒಂದೇ ಕಡೆ ಸ್ವಲ್ಪ ವಾಲಿ ನಡೆಯುತ್ತಿದ್ದೆವು.

ಆಸ್ಪತ್ರೆ ಶುರುವಾಗಿ ಮೊದಲ ಬಾಣಂತಿಯರು ಬಂದ ಮೇಲೆ, ಅವರವರ ತೊಟ್ಟಿಲನ್ನು ಅವರವರೇ ಹೊತ್ತು ಗುಡ್ಡ ಹತ್ತಿದರು. ನಾನು ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಸುಮ್ಮನೆ ಜೊತೆಗೆ ಹೋದೆ. ಒಂದೊಂದು ಮಂಚದ ಪಕ್ಕದಲ್ಲಿ ಒಂದೊಂದು ತೊಟ್ಟಿಲು ಇಟ್ಟರು. ಬಾಣಂತಿಯರು ಮಗುವನ್ನು ಅದರಲ್ಲಿ ಮಲಗಿಸಿ ‘ನಂದು’ ಎಂದರು. ತೊಟ್ಟಿಲುಗಳೆಲ್ಲ ನೆಲದಿಂದ ಒಂದು ಬೆರಳು ಎದ್ದವು. ಈಗ ಇಬ್ಬಿಬ್ಬರದಾಗಿದ್ದವಲ್ಲ. ಆಗ ನಮ್ಮವರು ಒಬ್ಬೊಬ್ಬರಾಗಿ ‘ನಂದಲ್ಲ’ ಎಂದು ಹೇಳಿ, ತೊಟ್ಟಿಲು ಕೂರುವುದನ್ನು ನೋಡಿ, ಹೆಗಲು ತಿಕ್ಕಿಕೊಳ್ಳುತ್ತಾ ಹೊರಗೆ ಬಂದರು. ಆಚಾರರು ಹೇಳಿದರು, ವಿರೂಪಾಕ್ಷಪ್ಪ ಹೇಳಿದರು. ಶ್ರೀಪತಿಯವರು ಹೇಳಿ, ಹೊರಗೆ ಬಂದು, ಮತ್ತೊಮ್ಮೆ ಕಿಟಕಿಯಿಂದ ಇಣುಕಿದರು.

ಹೊನ್ನಕ್ಕ ಮಾತ್ರ ಒಳಗೇ ಉಳಿದಳು. ಇಷ್ಟು ವರ್ಷ ಗಂಟು ಹಾಕಿ ಅವಳ ಬೆರಳುಗಳು ಸೊಟ್ಟಗಾಗಿದ್ದವು. ಆದರೆ ತೊಟ್ಟಿಲು ಗಾಡಿ ಹತ್ತಿದ ಮೇಲೆ ತನ್ನ ಗಂಟು ಯಾವ ಮಗುವನ್ನು ತೂಗುತ್ತದೆಂದು ಅವಳು ಕಂಡದ್ದೇ ಇಲ್ಲ.

‘ಎಡಗಡೆ ಗಂಟಿದೆಯಲ್ಲ, ವಾರಕ್ಕೊಂದು ಸಲ ಎಳೆದು ನೋಡ್ಬೇಕಮ್ಮ’ ಎಂದಳು ತನ್ನ ತೊಟ್ಟಿಲಿನ ಪಕ್ಕದ ಬಾಣಂತಿಗೆ. ತೀರಾ ಚಿಕ್ಕ ವಯಸ್ಸಿನ ಹುಡುಗಿ ಅದು.

‘ನೋಡ್ತೀನಕ್ಕ.’

‘ಸಡಿಲಾದ್ರೆ ನೀನೇ ಬಿಗಿಯೋಕೆ ಹೋಗ್ಬೇಡ. ಕಾರ್ಖಾನೆಗೆ ಬಂದು ಹೊನ್ನಕ್ಕ ಎಲ್ಲಿ ಅಂತ ಕೇಳು. ನಾನಿಲ್ದೇ ಇದ್ರೆ ಕಾಯಿ.’

‘ಆಗ್ಲಕ್ಕ.’

‘ನಿದ್ದೆಗಣ್ಣಲ್ಲಿ ಜೋರಾಗಿ ತೂಗ್ಬೇಡ.’

‘ಇಲ್ಲಕ್ಕ.’

ಹೇಳುವುದು ಇನ್ನೇನೂ ಉಳಿದಿರಲಿಲ್ಲ. ತೊಟ್ಟಿಲು ಇನ್ನೂ ಒಂದು ಬೆರಳು ಮೇಲೆಯೇ ಇತ್ತು. ಆ ಹುಡುಗಿಗೆ ಅದು ಕಾಣುತ್ತಿತ್ತು, ಆದರೂ ಅವಳು ಅವಸರ ಮಾಡದೆ ದಿಂಬಿಗೆ ಒರಗಿಕೊಂಡಳು. ಬಾಗಿಲಲ್ಲಿ ನಿಂತಿದ್ದ ನಾವು ಯಾರೂ ಕರೆಯಲಿಲ್ಲ. ಹೊನ್ನಕ್ಕ ತೊಟ್ಟಿಲಿನ ಅಂಚಿಗೆ ಕೈಯೂರಿ ಬಗ್ಗಿದಳು. ತಾಯಿಗೆ ಹೇಳಬೇಕಾದ್ದನ್ನು ಅವಳು ಮಲಗಿದ್ದ ಮಗುವಿನ ಕಿವಿಯಲ್ಲಿ ಹೇಳಿದಳು. ನಮಗೆ ಆ ಮಾತು ಕೇಳಿಸಲಿಲ್ಲ. ತೊಟ್ಟಿಲಿನ ನಾಲ್ಕು ಕಾಲುಗಳೂ ನೆಲಕ್ಕೆ ತಾಗಿದ್ದು ಕೇಳಿಸಿತು.